ಬಿಗಿ ಬೇರೆ, ಗಟ್ಟಿ ಬೇರೆ: ಇಂಪ್ಲಾಂಟ್ ಕೂರಿಸುವಾಗ ಎಲುಬು ನಲುಗಿದ್ದನ್ನು ಪತ್ತೆ ಹಚ್ಚುವ ಬಗೆ

ಹತ್ತನೇ ದಿನ ಹೊಲಿಗೆ ಬಿಚ್ಚಿಸಿಕೊಳ್ಳಲು ಬಂದ ಬೀಳಗಿ ಕಡೆಯ ರೈತರೊಬ್ಬರು ಕುರ್ಚಿಯಲ್ಲಿ ಕೂರುತ್ತಲೇ ಹೇಳಿದರು: “ಡಾಕ್ಟರ್ರ, ಬಾವು ಇಲ್ಲ, ಕೀವು ಇಲ್ಲ. ಆದ್ರ ಒಳಗ ಯಾರೋ ಇಕ್ಕಳ ಹಾಕಿ ಹಿಡದಂಗ ಆಗತೈತ್ರಿ.” ವಸಡು ನೋಡಿದೆ. ತಿಳಿ ಗುಲಾಬಿ ಬಣ್ಣ, ಗಾಯ ಚೆನ್ನಾಗಿ ಕೂಡಿದೆ. ಎಕ್ಸ್‌ರೇ ತೆಗೆದೆ, ಅದೂ ಚೊಕ್ಕ. ಇನ್ನೂ ಮೂರು ದಿನಕ್ಕೆ ನೋವಿನ ಗುಳಿಗೆ ಬರೆದು ಕಳಿಸಿದೆ. ಐದನೇ ವಾರ ಆ ಇಂಪ್ಲಾಂಟನ್ನು, ಅಂದರೆ ಹೋದ ಹಲ್ಲಿನ ಜಾಗಕ್ಕೆ ದವಡೆ ಎಲುಬಿನಲ್ಲಿ ಕೂರಿಸಿದ ತಿರುಪನ್ನು, ಬೆರಳಿನಿಂದಲೇ ತಿರುಗಿಸಿ ಹೊರಗೆ ತೆಗೆದೆ.

ಕೆಟ್ಟದ್ದು ಹತ್ತನೇ ದಿನವೂ ಅಲ್ಲ, ಐದನೇ ವಾರವೂ ಅಲ್ಲ. ಹಾಕಿದ ದಿನವೇ ಕೆಟ್ಟಿತ್ತು. ಕೆಳದವಡೆಯ ಎಡಕ್ಕೆ, ಕೋರೆಹಲ್ಲಿನ ಹಿಂದಿನ ಜಾಗ. ಮೋಟರ್ 45 ನ್ಯೂಟನ್ ಸೆಂಟಿಮೀಟರಿಗೆ ತಾನಾಗಿ ನಿಂತಿತು. ಇಂಪ್ಲಾಂಟಿನ ಕುತ್ತಿಗೆ ಇನ್ನೂ 2 ಮಿಲಿಮೀಟರ್ ಮೇಲಿತ್ತು. ನಾನು ರ‍್ಯಾಚೆಟ್ ಹಾಕಿ ಕೈಯಿಂದ ತಿರುಗಿಸಿದೆ. ಅದರ ಪಟ್ಟಿ 70ರ ಗೆರೆಯನ್ನೂ ದಾಟಿ ಬಾಗಿತು. “ನೋಡವಾ, ಹೆಂಗ ಕಚ್ಚಿ ಹಿಡದೈತಿ” ಎಂದು ಅಸಿಸ್ಟಂಟ್ ಹುಡುಗಿಗೆ ಹೆಮ್ಮೆಯಿಂದ ತೋರಿಸಿದ್ದೂ ನೆನಪಿದೆ.

ಆ ಹೆಮ್ಮೆಯೇ ಮೊದಲ ದೋಷ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಊರುಗಳಲ್ಲಿ ಡೆಂಟಲ್ ಕಾಲೇಜುಗಳಿವೆ. ಓದು ಮುಗಿಸಿ ತಾಲ್ಲೂಕುಗಳಲ್ಲಿ ಕ್ಲಿನಿಕ್ ತೆರೆದು ಮೊದಲ ಹತ್ತಿಪ್ಪತ್ತು ಇಂಪ್ಲಾಂಟ್ ಹಾಕುತ್ತಿರುವ ಹುಡುಗರು ಬಹಳ ಜನ. ಅವರಲ್ಲಿ ಯಾರೇ ಫೋನ್ ಮಾಡಿದರೂ ಮೊದಲು ಹೇಳುವುದು ಟಾರ್ಕಿನ ಅಂಕಿ, ಅಂದರೆ ಇಂಪ್ಲಾಂಟ್ ತಿರುಗಿಸಲು ಬೇಕಾದ ಬಲ, ನ್ಯೂಟನ್ ಸೆಂಟಿಮೀಟರಿನಲ್ಲಿ. “ಸರ್, 60 ಬಂತ್ರಿ!” ಆ ಅಂಕಿ ದೊಡ್ಡದಾದಷ್ಟೂ ಕೆಲಸ ಚೆನ್ನಾಗಿದೆ ಎಂದು ನಂಬಿದವರಿಗಾಗಿ, ಅಂದರೆ ಅಂದಿನ ನನ್ನಂಥವರಿಗಾಗಿ, ಇದನ್ನು ಬರೆಯುತ್ತಿದ್ದೇನೆ.

ಹಿಂಡಿದ ಎಲುಬಿಗೆ ಆಗುವುದೇನು

ಟೈಟೇನಿಯಂ ತಿರುಪು ಮೊದಲ ದಿನ ನಿಲ್ಲುವುದು ಬರೀ ಹಿಡಿತದಿಂದ, ಕಟ್ಟಿಗೆಯಲ್ಲಿ ಸ್ಕ್ರೂ ನಿಂತ ಹಾಗೆ. ಎಲುಬು ಅದರ ಮೈಗೆ ಬೆಸೆದುಕೊಳ್ಳುವುದು ಆಮೇಲಿನ ವಾರಗಳಲ್ಲಿ. ಮೊದಲಿನ ಹಿಡಿತ ಕರಗುತ್ತಾ ಬರುತ್ತದೆ, ಹೊಸ ಎಲುಬಿನ ಹಿಡಿತ ಏರುತ್ತಾ ಹೋಗುತ್ತದೆ. ಎರಡರ ನಡುವೆ, ಸುಮಾರು ಮೂರು ನಾಲ್ಕನೇ ವಾರಕ್ಕೆ, ಒಂದು ತಗ್ಗು ಬರುತ್ತದೆ. ಎಲ್ಲ ಸರಿ ಇದ್ದರೂ ಬರುವ ತಗ್ಗು ಇದು. ಹಾಕುವ ದಿನ ಎಲುಬನ್ನು ಅತಿಯಾಗಿ ಹಿಂಡಿದ್ದರೆ ಈ ತಗ್ಗೇ ಬಾವಿಯಾಗುತ್ತದೆ. ಹಿಂಡಿಸಿಕೊಂಡ ಎಲುಬಿನಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಏಳುತ್ತವೆ, ಸೂಕ್ಷ್ಮ ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ, ಒಳಗಿನ ಜೀವಕೋಶಗಳು ಸಾಯುತ್ತವೆ. ಸತ್ತ ಎಲುಬನ್ನು ದೇಹ ಹಾಗೇ ಬಿಡುವುದಿಲ್ಲ. ಎಲುಬು ತಿನ್ನುವ ಕೋಶಗಳು ಬಂದು ಅದನ್ನು ತೆಗೆದುಹಾಕುತ್ತವೆ. ಇಂಪ್ಲಾಂಟನ್ನು ಹಿಡಿದುಕೊಂಡಿದ್ದದ್ದೇ ಆ ಎಲುಬು.

ಕ್ಲಿನಿಕ್ಕಿನ ಬಾಗಿಲು ರಿಪೇರಿಗೆ ಬಂದಿದ್ದ ಬಡಿಗೇರ ಅಜ್ಜನಿಗೆ ಇದನ್ನು ಹೇಳಿದಾಗ ಆತ ನಕ್ಕ. “ಸಾಗವಾನಿಗೆ ಸಣ್ಣ ತೂತು ಕೊರದು ದಪ್ಪ ಸ್ಕ್ರೂ ಹೊಡದ್ರ ಕಟಿಗಿ ಸೀಳತೈತ್ರಿ. ಮೊದಲ ಗಿರಮಿಟ್ ಸರಿ ಇರಬೇಕು.” ನಮ್ಮ ಕಡೆ ಗಿರಮಿಟ್ ಎಂದರೆ ಸಂಜೆ ಗಾಡಿಯ ಮುಂದೆ ನಿಂತು ತಿನ್ನುವ ಚುರುಮುರಿಯೂ ಹೌದು, ಬಡಿಗೇರರು ತೂತು ಕೊರೆಯುವ ಸಲಕರಣೆಯೂ ಹೌದು. ಅಜ್ಜನ ಮಾತಿಗೆ ನಾನು ಸೇರಿಸುವುದು ಇಷ್ಟೇ: ಕಟ್ಟಿಗೆ ಸೀಳಿದ್ದು ಆಗಲೇ ಚಟ್ ಎಂದು ಕೇಳಿಸುತ್ತದೆ, ಎಲುಬು ಮೂರು ವಾರ ತಡೆದು ಹೇಳುತ್ತದೆ.

ಎಷ್ಟು ಹಿಂಡಿದರೆ ಅತಿ? ಒಂದು ಸಣ್ಣ ಲೆಕ್ಕ ಮಾಡೋಣ. 4 ಮಿಲಿಮೀಟರ್ ಅಗಲದ ತೂತಿನಲ್ಲಿ 4.1 ಮಿಲಿಮೀಟರ್ ಅಗಲದ ನುಣುಪು ಕುತ್ತಿಗೆ ಕೂರಿಸಿದಿರಿ. ಕುತ್ತಿಗೆಯಲ್ಲಿ ಕತ್ತರಿಸುವ ಥ್ರೆಡ್ ಇಲ್ಲ, ಎಲುಬನ್ನು ಬರೀ ತಳ್ಳುತ್ತದೆ. ಹೆಚ್ಚಾದದ್ದು 0.1 ಮಿಲಿಮೀಟರ್, ಹೆಚ್ಚುಕಡಿಮೆ ಒಂದು ಕಾಗದದ ದಪ್ಪ. ತೂತಿನ ಅಂಚಿನ ಸುತ್ತಳತೆ ಅಷ್ಟಕ್ಕೇ 2.5 ಶೇಕಡಾ ಹಿಗ್ಗಬೇಕು. ಎಲುಬಿನ ತಜ್ಞ ಹೆರಾಲ್ಡ್ ಫ್ರಾಸ್ಟ್ ಬಳಸಿದ ಮೈಕ್ರೋಸ್ಟ್ರೇನ್ ಅಳತೆಯಲ್ಲಿ, ಅಂದರೆ ಹತ್ತು ಲಕ್ಷಕ್ಕೆ ಎಷ್ಟು ಪಾಲು ಹಿಗ್ಗಿತು ಎನ್ನುವ ಲೆಕ್ಕದಲ್ಲಿ, ಅದು 25,000. ಗಟ್ಟಿ ಎಲುಬು ಮುರಿಯುವುದೂ ಸರಿಸುಮಾರು ಅಲ್ಲೇ. ದಿನನಿತ್ಯದ ಭಾರ 4,000 ದಾಟಿದರೇ ಎಲುಬಿಗೆ ಸಂಕಟ ಎಂದು ಆತ ಹೇಳಿದ್ದು ನಡೆದಾಡುವ, ಅಗಿಯುವ ಭಾರಕ್ಕೆ. ಒಂದೇ ಸಲ ಕೂರಿಸುವ ತಿರುಪಿಗೆ ಆ ಗೆರೆಯನ್ನು ನೇರವಾಗಿ ಎಳೆಯಲು ಬರುವುದಿಲ್ಲ. ಆದರೂ ಕಾಗದದ ದಪ್ಪಕ್ಕೆ ಇಷ್ಟು ನಡೆಯುತ್ತದೆ ಎನ್ನುವುದು ಗೊತ್ತಿರಲಿ. ಸ್ಪಂಜಿನಂಥ ಒಳ ಎಲುಬು ಹೀಗೆ ತಳ್ಳಿಸಿಕೊಂಡರೆ ಒತ್ತಾಗಿ ಕೂರುತ್ತದೆ. ಹೊರಗಿನ ಗಟ್ಟಿ ಪದರಕ್ಕೆ ಸರಿದುಕೊಳ್ಳಲು ಜಾಗವೇ ಇಲ್ಲ.

ಇನ್ನೊಂದು ವಿಷಯ ನನಗೆ ತಡವಾಗಿ ತಿಳಿದದ್ದು. ಟಾರ್ಕಿನ ಅಂಕಿ ಒಟ್ಟು ಉಜ್ಜಾಟದ ಮೊತ್ತ, ಅದು ಎಲ್ಲಿ ಹಂಚಿದೆ ಎಂದು ಹೇಳುವುದಿಲ್ಲ. 40 ನ್ಯೂಟನ್ ಸೆಂಟಿಮೀಟರ್ ಇಡೀ 10 ಮಿಲಿಮೀಟರ್ ಉದ್ದಕ್ಕೆ ಹಂಚಿದರೆ ಎಲುಬಿಗೆ ಗೊತ್ತೂ ಆಗುವುದಿಲ್ಲ. ಒಳಗೆಲ್ಲ ಮೆತ್ತಗೆ, ಮೇಲೆ ಮಾತ್ರ ಒಂದು ಮಿಲಿಮೀಟರ್ ಗಟ್ಟಿ ಬಳೆ ಇರುವ ದವಡೆಯಲ್ಲಿ ಅದೇ 40 ಪೂರ್ತಿ ಆ ಬಳೆಯ ಮೇಲೇ ಬೀಳುತ್ತದೆ. ಹಾಗಾಗಿ “ಎಷ್ಟು ಬಂತು” ಎಂದು ಕೇಳುವುದಕ್ಕಿಂತ “ಯಾವಾಗ ಬಂತು” ಎಂದು ಕೇಳಿ.

ಕುರ್ಚಿಯ ಪಕ್ಕದಲ್ಲೇ ಪತ್ತೆ: ಬಿಗಿ ಯಾವ ಹಂತದಲ್ಲಿ ಏರಿತು

ನಿಮಿಷಕ್ಕೆ 15ರಿಂದ 30 ಸುತ್ತಿನ ವೇಗದಲ್ಲಿ ಇಂಪ್ಲಾಂಟ್ ಇಳಿಯುವಾಗ ಮೋಟರಿನ ಪರದೆ ನೋಡುತ್ತಿರಬೇಕು. ಪರದೆ ಇಲ್ಲದಿದ್ದರೆ ಕೈಗೆ ಬರುವ ಅನುಭವ ಸಾಕು, ಗಮನ ಇರಬೇಕು ಅಷ್ಟೇ. ಸರಿಯಾದ ತೂತಿನಲ್ಲಿ ಬಿಗಿ ಮೆಲ್ಲಗೆ, ಒಂದೇ ಸಮನೆ ಏರುತ್ತಾ 25ರಿಂದ 45ರ ನಡುವೆ ಎಲ್ಲೋ ನಿಲ್ಲುತ್ತದೆ. ಬಹಳ ಜನ ಬಯಸುವುದು 35ರ ಆಸುಪಾಸು.

ಮೊದಲ ಒಂದೆರಡು ಸುತ್ತಿನಲ್ಲೇ ಬಿಗಿ ಜಿಗಿದರೆ ಎರಡು ಅನುಮಾನ. ಇಂಪ್ಲಾಂಟ್ ತೂತಿನ ದಿಕ್ಕು ಬಿಟ್ಟು ಓರೆಯಾಗಿ ಹೊರಟಿದೆ, ಇಲ್ಲವೇ ಮೇಲ್ಪದರ ತುಂಬ ಗಟ್ಟಿ. ಹಿಂದಕ್ಕೆ ತಿರುಗಿಸಿ ಹೊರಗೆ ತೆಗೆಯಿರಿ, ತೂತಿನಲ್ಲಿ ದಿಕ್ಕು ತೋರುವ ಪಿನ್ ಇಟ್ಟು ನೋಡಿ. ಓರೆ ಹೋದದ್ದಾದರೆ ಕೈಯಿಂದ ಒತ್ತಡವಿಲ್ಲದೆ ಮತ್ತೆ ಹಿಡಿಸಿ, ಎರಡು ಸುತ್ತು ಆದ ಮೇಲೆ ಮೋಟರ್ ಹಾಕಿ.

ಅರ್ಧ ದಾರಿಯಲ್ಲಿ ಏರಿದರೆ ತೂತು ಇಡೀ ಉದ್ದಕ್ಕೂ ಸಣ್ಣದಾಗಿದೆ. ಮೆತ್ತನೆ ಎಲುಬು ಎಂದು ಲೆಕ್ಕ ಹಾಕಿ ಕೊನೆಯ ಡ್ರಿಲ್ ಬಿಟ್ಟಿದ್ದೀರಿ, ಅದು ಗಟ್ಟಿ ಇತ್ತು. ಇಲ್ಲಿ ಮೊದಲು ಮಾಡುವುದು: ಅರ್ಧ ಅಥವಾ ಒಂದು ಸುತ್ತು ಹಿಂದಕ್ಕೆ, ಒಂದು ನಿಮಿಷ ಸುಮ್ಮನೆ ನಿಲ್ಲುವುದು, ಮತ್ತೆ ಮುಂದಕ್ಕೆ. ಈ ನಿಲ್ಲುವುದು ಮಂತ್ರವಲ್ಲ. ಎಲುಬಿನಲ್ಲಿ ನೀರಿದೆ, ನಾರಿದೆ. ಒತ್ತಡದಲ್ಲಿಟ್ಟರೆ ಅದು ಸ್ವಲ್ಪ ಸಡಿಲಿಸಿಕೊಳ್ಳುತ್ತದೆ, ಎರಡನೇ ಸಲ ಬಿಗಿ ಇಳಿದಿರುತ್ತದೆ. ಎರಡು ಸಲ ಹೀಗೆ ಮಾಡಿಯೂ ಇಳಿಯದಿದ್ದರೆ ಪೂರ್ತಿ ಹೊರಗೆ ತೆಗೆಯಿರಿ. ಇಂಪ್ಲಾಂಟ್ ಡ್ರೈವರಿನ ತುದಿಯಲ್ಲೇ ಇರಲಿ, ಗ್ಲೌಸು, ಗಾಜ್, ಎಂಜಲು ಯಾವುದೂ ತಾಗದಂತೆ ಅದರದೇ ಶೀಶೆಯೊಳಗೆ ವಾಪಸ್ ಇಳಿಸಿ. ಆಮೇಲೆ ಕಂಪನಿಯ ಪಟ್ಟಿಯಲ್ಲಿ ಗಟ್ಟಿ ಎಲುಬಿಗೆ ಹೇಳಿದ ಡ್ರಿಲ್, ಅದರ ನಂತರ ಥ್ರೆಡ್ ಕೊರೆಯುವ ಟ್ಯಾಪ್. ಕಿಟ್ ತಗೊಂಡು ಎರಡು ವರ್ಷವಾದರೂ ಸೀಲ್ ಒಡೆಯದ ಟ್ಯಾಪ್ ಎಷ್ಟೋ ಕ್ಲಿನಿಕ್ಕುಗಳಲ್ಲಿ ನೋಡಿದ್ದೇನೆ. ನನ್ನದೂ ಹಾಗೇ ಇತ್ತು.

ಕೊನೆಯ 2 ಮಿಲಿಮೀಟರಿಗೆ ಬಂದು ತಟ್ಟನೆ ಏರಿದರೆ, ನನ್ನ ಬೀಳಗಿ ಪೇಶಂಟಿನದು ಇದೇ, ಕುತ್ತಿಗೆ ಮೇಲಿನ ಗಟ್ಟಿ ಪದರಕ್ಕೆ ಸಿಕ್ಕಿದೆ. ಕೆಳಗೆ ಎಲ್ಲ ಸರಿಯಿದೆ. ಬೇಕಾದದ್ದು ಮೇಲಿನ ಬಾಯನ್ನಷ್ಟೇ ಅಗಲಿಸುವ ಕಾರ್ಟಿಕಲ್ ಡ್ರಿಲ್, ಅರ್ಧ ನಿಮಿಷದ ಕೆಲಸ. ಅದನ್ನು ಬಿಟ್ಟು ರ‍್ಯಾಚೆಟ್ ಹಾಕಿದ್ದಕ್ಕೆ ನಾನು ಐದು ವಾರ ಕಳೆದೆ, ಅವರು ಐದು ವಾರದ ನಿದ್ದೆ ಕಳೆದರು.

ಕೊನೆಗೆ ಏರಿ, ಆಮೇಲೆ ಫಕ್ಕನೆ ಇಳಿದುಬಿಟ್ಟರೆ ಅದು ಎಲ್ಲಕ್ಕಿಂತ ಕೆಟ್ಟ ಗುರುತು. ತುದಿ ತೂತಿನ ತಳ ಮುಟ್ಟಿದೆ, ಮುಂದಕ್ಕೆ ಹೋಗಲು ಜಾಗವಿಲ್ಲ, ತಿರುಗಿಸಿದಷ್ಟೂ ಥ್ರೆಡ್ ತಾನು ಕೊರೆದ ಎಲುಬನ್ನೇ ತಾನು ಸವೆಸಿದೆ. ಅಥವಾ ತುಟಿಯ ಕಡೆಯ ತೆಳು ಗೋಡೆ ಬಿರಿದಿದೆ. ವಸಡನ್ನು ಸರಿಸಿ ಆ ಗೋಡೆಯನ್ನು ಕಣ್ಣಾರೆ ನೋಡದೆ ಹೊಲಿಗೆ ಹಾಕಬೇಡಿ. ಆ ಕಡೆ 1.5ರಿಂದ 2 ಮಿಲಿಮೀಟರ್ ಎಲುಬು ಉಳಿಯದಂಥ ಜಾಗಕ್ಕೆ ದಪ್ಪ ಇಂಪ್ಲಾಂಟ್ ಆರಿಸಿದ್ದೇ ಬಹಳ ಸಲ ಮೂಲ ತಪ್ಪು.

ತಿರುಗುತ್ತಲೇ ಇದೆ, ಬಿಗಿಯೇ ಬರಲಿಲ್ಲ ಎನ್ನುವುದು ಮೇಲ್ದವಡೆಯ ಹಿಂಭಾಗದ ತಕರಾರು. ಅಲ್ಲಿ ಎಲುಬು ಮೆತ್ತಗೆ. ಅಗಲದಲ್ಲಿ ಒಂದು ಸೈಜ್ ದೊಡ್ಡದು ಹಾಕಿ ನೋಡಿ, ಇಲ್ಲವಾದರೆ ಕವರ್ ಸ್ಕ್ರೂ ಹಾಕಿ ವಸಡು ಮುಚ್ಚಿ ಆರು ತಿಂಗಳು ಬಿಡಿ. ಟೈಟೇನಿಯಂ ಇಂಪ್ಲಾಂಟಿಗೆ ದಾರಿ ಹಾಕಿದ ಸ್ವೀಡನ್ನಿನ ಬ್ರೋನೆಮಾರ್ಕ್ 1965ರಲ್ಲಿ ಮೊದಲ ರೋಗಿಗೆ ಹಾಕಿದ ಮೇಲೆ ರೂಢಿಗೆ ತಂದ ಕ್ರಮವೂ ಕೆಳದವಡೆಗೆ ಮೂರು ತಿಂಗಳು, ಮೇಲ್ದವಡೆಗೆ ಆರು ತಿಂಗಳು ಮುಚ್ಚಿಡುವುದೇ ಆಗಿತ್ತು. ಅವಸರ ನಮ್ಮದು.

ಒತ್ತಡವೋ, ಕಾವೋ

ಎರಡೂ ಎಲುಬನ್ನು ಕೊಲ್ಲುತ್ತವೆ, ಎರಡರ ನೋವೂ ಒಂದೇ ಥರ. ಬೇರ್ಪಡಿಸದಿದ್ದರೆ ಎರಡನೇ ಸಲವೂ ಅದೇ ತಪ್ಪಾಗುತ್ತದೆ. ಸ್ವೀಡನ್ನಿನ ಎರಿಕ್ಸನ್ ಮತ್ತು ಆಲ್ಬ್ರೆಕ್ಟ್ಸನ್ 1983ರಲ್ಲಿ ಮೊಲದ ಎಲುಬಿನ ಮೇಲೆ ತೋರಿಸಿದ ಗಡಿ ಎಲ್ಲರಿಗೂ ಬಾಯಿಪಾಠ: 47 ಡಿಗ್ರಿ, ಒಂದು ನಿಮಿಷ. ಮೈಯ ಕಾವೇ 37. ಅಂದರೆ ನಮ್ಮ ಕೈಯಲ್ಲಿರುವುದು ಹತ್ತು ಡಿಗ್ರಿ ಮಾತ್ರ.

ಡ್ರಿಲ್ ಹೊರಬಂದಾಗ ಅದರ ತೋಡುಗಳಲ್ಲಿ ಸಿಕ್ಕ ಪುಡಿ ನೋಡಿ. ರಕ್ತದಲ್ಲಿ ನೆನೆದ ಕೆಂಪು ಪುಡಿ ಒಳ್ಳೆಯದು. ಒಣಗಿದ, ಬಿಳಿ ಅಥವಾ ಕಂದು ಬಣ್ಣದ, ಗಟ್ಟಿಯಾಗಿ ಅಂಟಿಕೊಂಡ ಪುಡಿ ಕಾವಿನ ಗುರುತು. ಕೊರೆದ ತೂತಿನಲ್ಲಿ ರಕ್ತ ತುಂಬಿಕೊಳ್ಳದಿದ್ದರೂ ಅನುಮಾನಪಡಿ. ತುಂಬ ಗಟ್ಟಿ ಎಲುಬಿನಲ್ಲಿ ರಕ್ತ ಸಹಜವಾಗಿಯೇ ಕಡಿಮೆ ಎನ್ನುವುದೂ ನೆನಪಿರಲಿ. ಸುಟ್ಟ ವಾಸನೆ ಬಂದರೆ ಮಾತೇ ಇಲ್ಲ.

ಕಾರಣಗಳು ಸಾಮಾನ್ಯ: ಮೊಂಡಾದ ಡ್ರಿಲ್, ಮೇಲೆ ಕೆಳಗೆ ಆಡಿಸದೆ ಒಂದೇ ಸಮನೆ ಒತ್ತುವ ಕೈ, ಅರ್ಧ ಕಟ್ಟಿಕೊಂಡ ನೀರಿನ ನಳಿಕೆ. ಗೈಡ್ ಹಾಕಿ ಕೊರೆಯುವವರಿಗೆ ಇನ್ನೊಂದು ತೊಂದರೆ, ಆ ಪ್ಲಾಸ್ಟಿಕ್ ಅಚ್ಚೇ ಸಲೈನಿಗೆ ಅಡ್ಡ ನಿಲ್ಲುತ್ತದೆ. ಇದರ ಮೇಲೆ ನಮ್ಮ ಊರಿನ ಬಿಸಿಲು. ಏಪ್ರಿಲ್ ಮೇ ತಿಂಗಳಲ್ಲಿ ವಿಜಯಪುರದಲ್ಲಾಗಲಿ ಬಾಗಲಕೋಟೆಯಲ್ಲಾಗಲಿ ಹೊರಗೆ 40 ಡಿಗ್ರಿ ದಾಟಿದ ಮಧ್ಯಾಹ್ನ, ಕಿಟಕಿ ಪಕ್ಕದ ಕಪಾಟಿನಲ್ಲಿದ್ದ ಸಲೈನ್ ಬಾಟಲಿ ಮುಟ್ಟಿ ನೋಡಿ. ಅದರಿಂದ ಎಲುಬು ತಣಿಸುತ್ತೇವೆ ಎನ್ನುವುದು ತಮಾಷೆ. ನಾನು ಈಗ ಹಿಂದಿನ ರಾತ್ರಿಯೇ ಎರಡು ಬಾಟಲಿ ಫ್ರಿಜ್ಜಿನಲ್ಲಿಡುತ್ತೇನೆ.

ಎಕ್ಸ್‌ರೇಯಲ್ಲಿ ಗುರುತು ಬಂದ ಮೇಲೆ ಜಾಗವೂ ಒಂದು ಸುಳಿವು. ಕುತ್ತಿಗೆಯ ಸುತ್ತ ಲಾಳಿಕೆಯ ಆಕಾರದಲ್ಲಿ ಎಲುಬು ಹೋಗಿದ್ದರೆ ಒತ್ತಡದ ಮೇಲೆ ಮೊದಲ ಅನುಮಾನ. ತುದಿಯ ಸುತ್ತ ಕಪ್ಪು ಕಂಡರೆ ನೀರು ತಲುಪದ ಆಳದಲ್ಲಿ ಕಾವೇರಿತ್ತೇ, ಅಥವಾ ಕಿತ್ತ ಹಲ್ಲಿನ ಹಳೆಯ ಸೋಂಕು ಅಲ್ಲೇ ಉಳಿದಿತ್ತೇ ಎಂದು ಹಿಂದಿನ ಎಕ್ಸ್‌ರೇ ತೆಗೆದು ನೋಡಿ. ಈ ವಿಂಗಡಣೆ ನೂರಕ್ಕೆ ನೂರು ಸರಿ ಬರುವುದಿಲ್ಲ, ಹುಡುಕುವ ದಿಕ್ಕು ಮಾತ್ರ ಕೊಡುತ್ತದೆ.

ಮನೆಗೆ ಹೋದ ಮೇಲಿನ ನೋವು

ಮೊದಲ ಎರಡು ಮೂರು ದಿನ ನೋವು, ಬಾವು ಇದ್ದೇ ಇರುತ್ತದೆ. ಆಮೇಲೆ ದಿನದಿನಕ್ಕೆ ಇಳಿಯಬೇಕು. ಇಳಿದು ಮತ್ತೆ ಏರಿದರೆ ಸೋಂಕು ನೋಡಿ. ಇಳಿಯದೆ, ಬಾವೂ ಇಲ್ಲದೆ, ಆಳದಲ್ಲಿ ಮಂದವಾಗಿ ಎರಡನೇ ವಾರವೂ ಹಿಡಿದೇ ಇದ್ದರೆ ಎಲುಬಿನ ತಕರಾರು. “ಇಕ್ಕಳ ಹಾಕಿದಂಗ” ಎಂದ ಆ ರೈತರಷ್ಟು ಸ್ಪಷ್ಟವಾಗಿ ನನಗೆ ಯಾವ ಪುಸ್ತಕವೂ ಹೇಳಿಕೊಟ್ಟಿರಲಿಲ್ಲ. ನಾನು ಅವರ ಮಾತು ಬಿಟ್ಟು ಎಕ್ಸ್‌ರೇ ನಂಬಿದೆ. ಎಲುಬಿನ ಸುಣ್ಣದ ಅಂಶ 30ರಿಂದ 50 ಶೇಕಡಾ ಕರಗುವವರೆಗೆ ಮಾಮೂಲಿ ಎಕ್ಸ್‌ರೇಯಲ್ಲಿ ಏನೂ ಕಾಣದು ಎಂದು ಪರೀಕ್ಷೆಯಲ್ಲಿ ಬರೆದು ಪಾಸಾದವನೇ ನಾನು. ಹತ್ತನೇ ದಿನದ ಚೊಕ್ಕ ಎಕ್ಸ್‌ರೇ ಏನನ್ನೂ ಸಾಬೀತು ಮಾಡುವುದಿಲ್ಲ.

ಕಂಪನದಿಂದ ಗಟ್ಟಿತನ ಅಳೆಯುವ ಸಾಧನ ಇದ್ದವರಿಗೆ ಇಲ್ಲಿ ಅನುಕೂಲ. ಅದರ ಅಳತೆ 1ರಿಂದ 100. 70ರ ಮೇಲೆ ಒಳ್ಳೆಯದು, 60ರ ಕೆಳಗೆ ಎಚ್ಚರ. ಹಾಕಿದ ದಿನದ ಅಂಕಿ ಬರೆದಿಡಿ. ಆ ಒಂದೇ ಅಂಕಿಯಿಂದ ಏನೂ ಗೊತ್ತಾಗದು, ವಾರದಿಂದ ವಾರಕ್ಕೆ ಅದು ಹೋಗುವ ದಾರಿ ಮುಖ್ಯ. 72ರಿಂದ 68ಕ್ಕೆ ಇಳಿದು ನಿಂತದ್ದು ಸಹಜ ತಗ್ಗು. ಮೊದಲ ದಿನ 80 ಇದ್ದು ನಾಲ್ಕನೇ ವಾರ 55 ಆದದ್ದು ಕುಸಿತ. ಸಾಧನ ಇಲ್ಲದವರು ಪರೀಕ್ಷೆಗೆಂದು ರ‍್ಯಾಚೆಟ್ ಹಾಕಿ ತಿರುಗಿಸಲು ಹೋಗಬೇಡಿ, ಕೂಡಿಕೊಳ್ಳುತ್ತಿದ್ದದ್ದೂ ಬಿಟ್ಟುಬಿಡುತ್ತದೆ.

ಅಲ್ಲಾಡುತ್ತಿದೆ ಎಂದರೆ ತೆಗೆಯುವುದೇ ದಾರಿ. ಬಿಗಿ ಮಾಡಿ ಉಳಿಸುತ್ತೇನೆ ಎನ್ನುವವರು ನೋವನ್ನು ಮುಂದಕ್ಕೆ ಹಾಕುತ್ತಾರೆ ಅಷ್ಟೇ. ತೆಗೆದು, ಸತ್ತ ಅಂಗಾಂಶ ಕೆರೆದು, ಹೊಸ ರಕ್ತ ಬರುವಂತೆ ಮಾಡಿ ಕೆಲವು ತಿಂಗಳು ಬಿಟ್ಟರೆ ಅದೇ ಜಾಗ ಎರಡನೇ ಸಲ ಸಿಗುತ್ತದೆ.

ಒಂದು ದೂರು ಮಾತ್ರ ಕಾಯುವಂಥದ್ದಲ್ಲ. ಕೆಳದವಡೆಯ ಹಿಂಭಾಗಕ್ಕೆ ಹಾಕಿದ ಮರುದಿನ “ತುಟಿ ಇನ್ನೂ ಜೋಮು ಹಿಡದೈತ್ರಿ” ಎಂದು ಫೋನ್ ಬಂದರೆ ಅರಿವಳಿಕೆ ಇನ್ನೂ ಇಳಿದಿಲ್ಲ ಎಂದು ಸಮಾಧಾನ ಹೇಳಬೇಡಿ, ಅರಿವಳಿಕೆ ಇರುವುದು ಕೆಲವೇ ಗಂಟೆ. ನರದ ಕಾಲುವೆಗೆ 2 ಮಿಲಿಮೀಟರ್ ಅಂತರ ಉಳಿಸಿದ್ದೀರಾ ಎಂದು ಅದೇ ದಿನ ಸಿಬಿಸಿಟಿ (ದವಡೆಯ ಮೂರು ಆಯಾಮದ ಎಕ್ಸ್‌ರೇ ಸ್ಕ್ಯಾನ್) ಮಾಡಿಸಿ ನೋಡಿ. ಒತ್ತುತ್ತಿದ್ದರೆ ಮೊದಲ ಒಂದೂವರೆ ದಿನದೊಳಗೆ ತೆಗೆಯಬೇಕು, ಶಸ್ತ್ರಚಿಕಿತ್ಸಕರ ಸಲಹೆಯನ್ನೂ ಆಗಲೇ ಪಡೆಯಬೇಕು.

ಮೊದಲೇ ನೋಡಬೇಕಿದ್ದದ್ದು

ಎಲುಬಿನ ಗಟ್ಟಿತನ ಡ್ರಿಲ್ ಹಿಡಿದ ಮೇಲೆ ತಿಳಿಯುವ ಗುಟ್ಟಲ್ಲ. ಅಮೆರಿಕದ ಇಂಪ್ಲಾಂಟ್ ತಜ್ಞ ಮಿಶ್ ಅವರ ವಿಂಗಡಣೆಯಲ್ಲಿ ಡಿ-1 ಎಂದರೆ ಅತಿ ಗಟ್ಟಿ, ಹೆಚ್ಚಾಗಿ ಕೆಳದವಡೆಯ ಮುಂಭಾಗ. ಡಿ-4 ಅತಿ ಮೆತ್ತಗೆ, ಮೇಲ್ದವಡೆಯ ಹಿಂಭಾಗ. ಸಿಬಿಸಿಟಿಯಲ್ಲಿ ಮೇಲ್ಪದರದ ದಪ್ಪ ಅಳೆಯಿರಿ. ಮೊದಲ 2 ಮಿಲಿಮೀಟರ್ ಡ್ರಿಲ್ ಇಳಿಯುವಾಗ ಕೈಗೆ ಸಿಕ್ಕ ಪ್ರತಿರೋಧವನ್ನು ಅದಕ್ಕೆ ತಾಳೆ ನೋಡಿ. ಎರಡೂ ಹೊಂದದಿದ್ದರೆ ಕೈಯನ್ನು ನಂಬಿ. ಹುನಗುಂದ, ಇಳಕಲ್ ಕಡೆ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಹಳ್ಳಿಗಳಿವೆ. ಹಲ್ಲಿನ ಮೇಲೆ ಕಂದು ಮಚ್ಚೆ ಇದ್ದವರಿಗೆ ಬೆನ್ನು, ಕೀಲು ಹಿಡಿದುಕೊಂಡಂತೆ ಆಗುತ್ತದೆಯೇ ಎಂದೂ ಕೇಳಿ. ಎಲುಬಿಗೆ ಫ್ಲೋರೈಡ್ ಹತ್ತಿದ್ದರೆ ಅದು ದಟ್ಟವಾಗಿದ್ದೂ ಪೆಡಸಾಗಿರಬಹುದು. ಸಕ್ಕರೆ ಕಾಯಿಲೆ, ತಂಬಾಕು, ಎಲುಬು ಸವೆತಕ್ಕೆಂದು ತೆಗೆದುಕೊಳ್ಳುವ ಗುಳಿಗೆ ಇಂಜೆಕ್ಷನ್, ಇವನ್ನು ಕೇಳದೆ ಯಾರೂ ಶುರು ಮಾಡುವುದಿಲ್ಲ ಎಂದುಕೊಂಡಿದ್ದೇನೆ.

ಇನ್ನು ರ‍್ಯಾಚೆಟ್. ಆಟೋಕ್ಲೇವಿನಲ್ಲಿ ನೂರಾರು ಸಲ ಬೆಂದ ಸ್ಪ್ರಿಂಗ್ 35 ಎಂದು ತೋರಿಸಿದಾಗ ನಿಜವಾಗಿ ಎಷ್ಟು ಎಂದು ಪರೀಕ್ಷಿಸದೆ ಹೇಳಲಾಗದು. ಒಳಗೆ ಒಣರಕ್ತ ಕಟ್ಟಿಕೊಂಡಿದ್ದರಂತೂ ಅಂಕಿ ಬರೀ ಅಲಂಕಾರ. ಬಿಚ್ಚಿ ತೊಳೆಯಿರಿ, ಎಣ್ಣೆ ಹಾಕಿ, ವರ್ಷಕ್ಕೊಮ್ಮೆಯಾದರೂ ಡೀಲರ್ ಕೈಗೆ ಕೊಟ್ಟು ಅಳತೆ ಸರಿ ಮಾಡಿಸಿ. ಡ್ರಿಲ್ ಎಷ್ಟು ತೂತು ಕೊರೆದಿದೆ ಎಂದು ನಾನು ಈಗ ಒಂದು ಹಾಳೆಯಲ್ಲಿ ಗೀಟು ಹಾಕಿಸುತ್ತೇನೆ. ಅಸಿಸ್ಟಂಟ್ ಹುಡುಗಿ ಅದನ್ನು ಕಿಟ್ಟಿನ ಮುಚ್ಚಳದೊಳಗೇ ಅಂಟಿಸಿದ್ದಾಳೆ.

ಬೀಳಗಿಯ ರೈತರು ನಾಲ್ಕು ತಿಂಗಳ ಮೇಲೆ ಮತ್ತೆ ಬಂದರು. ಬೇರೆಯವರ ಹತ್ತಿರ ಹೋಗುತ್ತಾರೆ ಎಂದುಕೊಂಡಿದ್ದೆ. ಈ ಸಲ ಕೊನೆಯ ಡ್ರಿಲ್ ಬಿಡಲಿಲ್ಲ, ಮೇಲಿನ ಬಾಯಿ ಅಗಲಿಸಿದೆ, ಟ್ಯಾಪ್ ಸೀಲ್ ಒಡೆದೆ. ಮೋಟರ್ 38ಕ್ಕೆ ನಿಂತಾಗ ಕುತ್ತಿಗೆ ಎಲುಬಿನ ಮಟ್ಟಕ್ಕೇ ಕೂತಿತ್ತು. ರ‍್ಯಾಚೆಟ್ ಟ್ರೇಯಲ್ಲೇ ಉಳಿಯಿತು. ಹತ್ತನೇ ದಿನ ಕುರ್ಚಿಯಲ್ಲಿ ಕೂತು ಅವರು ಕೇಳಿದ್ದು, “ಕಟಕ ರೊಟ್ಟಿ ಯಾವಾಗ ತಿನಬೇಕ್ರಿ?”

“ಮೂರು ತಿಂಗಳ ಕಾಯ್ರಿ. ಅಲ್ಲೀಮಟ ಸಾರಿನ್ಯಾಗ ನೆನಸಿ ತಿನ್ರಿ.”